ಫೆವಿಕ್ವಿಕ್ ಹೊಗೆಯಲ್ಲಿ ಕಳ್ಳನ ಬೆರಳಚ್ಚು ಸಿಗುತ್ತದೆಯೇ? ಕಾಣದ ಗುರುತನ್ನು ಕಾಣಿಸುವ ರಸಾಯನಶಾಸ್ತ್ರ

"ಮನೆಯಲ್ಲಿ ಕಳ್ಳತನ ಆದರೆ ಪೊಲೀಸರಿಗಾಗಿ ಕಾಯಬೇಡಿ, ಕಳ್ಳನ ಬೆರಳಚ್ಚು ನೀವೇ ತೆಗೆಯಿರಿ!" ಇಂಥದೊಂದು ಒಕ್ಕಣೆ ಇದ್ದ ವಿಡಿಯೊವನ್ನು ಓದುಗರೊಬ್ಬರು ನಮಗೆ ಕಳುಹಿಸಿ "ಇದು ನಿಜಾನಾ?" ಎಂದು ಕೇಳಿದ್ದರು. ವಿಡಿಯೊದಲ್ಲಿ ಒಬ್ಬರು ಗಾಜಿನ ಲೋಟವನ್ನು ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಯೊಳಗೆ ಇಡುತ್ತಾರೆ. ಪಕ್ಕದಲ್ಲಿ ಅಲ್ಯೂಮಿನಿಯಂ ಹಾಳೆಯ ಮೇಲೆ ಕೆಲವು ಹನಿ ಫೆವಿಕ್ವಿಕ್, ಜೊತೆಗೆ ಪುಟ್ಟ ಬಟ್ಟಲಲ್ಲಿ ಬಿಸಿನೀರು. ಮುಚ್ಚಳ ಹಾಕಿ ಸ್ವಲ್ಪ ಹೊತ್ತು ಬಿಟ್ಟು ತೆಗೆದರೆ ಲೋಟದ ಮೇಲೆ ಬೆರಳಿನ ಗೆರೆಗಳು ಬೆಳ್ಳಗೆ ಎದ್ದು ಕಾಣುತ್ತವೆ. ನೋಡಿದವರಿಗೆ ಜಾದೂ ಅನ್ನಿಸುವುದು ಸಹಜ.

ಚುಟುಕಾಗಿ ಹೇಳಬೇಕೆಂದರೆ, ವಿಡಿಯೊದಲ್ಲಿರುವ ರಸಾಯನಶಾಸ್ತ್ರ ನಿಜ, ಅದು ಕೊಡುವ ಸಲಹೆ ತಪ್ಪು. ಪ್ರಪಂಚದ ವಿಧಿವಿಜ್ಞಾನ ಪ್ರಯೋಗಾಲಯಗಳು ಇದೇ ಅಂಟಿನ ಹೊಗೆಯನ್ನು ದಿನನಿತ್ಯ ಬಳಸುತ್ತವೆ. ಆದರೆ ಕಳ್ಳತನವಾದ ಮನೆಯಲ್ಲಿ ನೀವು ಇದನ್ನು ಮಾಡಿದರೆ, ಕಳ್ಳನನ್ನು ಹಿಡಿಯಲು ಇದ್ದ ಒಂದೇ ದಾರಿಯನ್ನು ನಿಮ್ಮ ಕೈಯಾರೆ ಮುಚ್ಚಿದಂತಾಗಬಹುದು. ಏಕೆ ಎಂದು ತಿಳಿಯಲು, ಕಣ್ಣಿಗೆ ಕಾಣದ ಬೆರಳಚ್ಚು ಎಂದರೇನು, ಅದನ್ನು ಯಾವ ರಾಸಾಯನಿಕ ಹೇಗೆ ಕಾಣಿಸುತ್ತದೆ ಎಂಬುದನ್ನು ಒಂದೊಂದಾಗಿ ನೋಡೋಣ.

ಬೆರಳು ಬಿಟ್ಟುಹೋಗುವುದು ಏನನ್ನು?

ನಿಮ್ಮ ಬೆರಳ ತುದಿಯನ್ನು ಬೆಳಕಿಗೆ ಹಿಡಿದು ನೋಡಿ. ಉಬ್ಬಿದ ಗೆರೆಗಳು, ನಡುವೆ ತಗ್ಗುಗಳು ಕಾಣುತ್ತವೆ. ಈ ಉಬ್ಬುಗೆರೆಗಳ ಉದ್ದಕ್ಕೂ ಬೆವರಿನ ಸಣ್ಣ ರಂಧ್ರಗಳಿವೆ. ತಾಯಿಯ ಗರ್ಭದಲ್ಲಿರುವಾಗಲೇ ಈ ಗೆರೆಗಳು ಮೂಡಿರುತ್ತವೆ. ಮಗು ಬೆಳೆದಂತೆ ಅವು ದೊಡ್ಡದಾಗುತ್ತವೆಯೇ ಹೊರತು ವಿನ್ಯಾಸ ಬದಲಾಗುವುದಿಲ್ಲ. ಒಂದೇ ಅಚ್ಚಿನಂತಿರುವ ಅವಳಿ ಮಕ್ಕಳ ಬೆರಳಚ್ಚು ಕೂಡ ಬೇರೆ ಬೇರೆಯಾಗಿರುತ್ತದೆ.

ನಾವು ಏನನ್ನಾದರೂ ಮುಟ್ಟಿದಾಗ ಈ ಉಬ್ಬುಗೆರೆಗಳ ಮೇಲಿನ ಪಸೆ ಆ ವಸ್ತುವಿಗೆ ಅಂಟಿಕೊಳ್ಳುತ್ತದೆ. ರಬ್ಬರ್ ಸ್ಟ್ಯಾಂಪು ಶಾಯಿಯನ್ನು ಒತ್ತಿದ ಹಾಗೆಯೇ ಇದು. ಇಲ್ಲಿ ಶಾಯಿಯ ಜಾಗದಲ್ಲಿ ಬೆವರು ಇದೆ. ಬೆವರಿನಲ್ಲಿ ಬಹುಪಾಲು ನೀರು. ಉಳಿದ ಅತ್ಯಲ್ಪ ಭಾಗದಲ್ಲಿ ಉಪ್ಪು, ಅಮೈನೊ ಆಮ್ಲಗಳು, ಯೂರಿಯಾ, ಲ್ಯಾಕ್ಟಿಕ್ ಆಮ್ಲ ಇರುತ್ತವೆ. ಇದರ ಜೊತೆಗೆ ಜಿಡ್ಡೂ ಸೇರುತ್ತದೆ. ಅಂಗೈಯಲ್ಲಿ ಜಿಡ್ಡು ಸುರಿಸುವ ಗ್ರಂಥಿಗಳೇ ಇಲ್ಲ. ನಾವು ಆಗಾಗ ಮುಖ, ಮೂಗು, ತಲೆಗೂದಲು ಮುಟ್ಟಿಕೊಳ್ಳುತ್ತೇವಲ್ಲ, ಅಲ್ಲಿಂದ ಬೆರಳಿಗೆ ಬರುತ್ತದೆ. ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆಯೂ ಈ ಲೆಕ್ಕಕ್ಕೆ ಸೇರುತ್ತದೆ.

ಪತ್ತೆದಾರರು ಬೆರಳಚ್ಚುಗಳನ್ನು ಸ್ಥೂಲವಾಗಿ ಮೂರು ಬಗೆಯಾಗಿ ನೋಡುತ್ತಾರೆ. ರಕ್ತ, ಬಣ್ಣ, ಗ್ರೀಸು ಮೆತ್ತಿದ ಬೆರಳು ಮೂಡಿಸಿದ, ಕಣ್ಣಿಗೆ ನೇರವಾಗಿ ಕಾಣುವ ಗುರುತು ಮೊದಲನೆಯದು. ಮೇಣ, ಸಾಬೂನು, ಹಸಿ ಬಣ್ಣದಂಥ ಮೆತ್ತನೆಯ ವಸ್ತುವಿನಲ್ಲಿ ಅಚ್ಚೊತ್ತಿದ ಗುರುತು ಎರಡನೆಯದು. ಬರೀ ಬೆವರು ಮತ್ತು ಜಿಡ್ಡಿನಿಂದಾದ, ಕಣ್ಣಿಗೆ ಕಾಣದ ಸುಪ್ತ ಗುರುತು ಮೂರನೆಯದು. ತಜ್ಞರಿಗೆ ಹೆಚ್ಚು ಕೆಲಸ ಕೊಡುವುದು ಈ ಮೂರನೆಯ ಬಗೆ. ರಾಸಾಯನಿಕಗಳ ಕೆಲಸ ಶುರುವಾಗುವುದೂ ಇಲ್ಲೇ.

ತಜ್ಞರ ಮೊದಲ ಪ್ರಶ್ನೆ: ಮುಟ್ಟಿದ್ದು ಏನನ್ನು?

ಯಾವ ರಾಸಾಯನಿಕ ಬಳಸಬೇಕು ಎಂಬುದು ಬೆರಳಿಗಿಂತ ಹೆಚ್ಚಾಗಿ, ಆ ಬೆರಳು ಮುಟ್ಟಿದ ವಸ್ತುವನ್ನು ಅವಲಂಬಿಸಿರುತ್ತದೆ.

ಕಾಗದ, ರಟ್ಟು, ಬಣ್ಣ ಬಳಿಯದ ಮರ ಇವೆಲ್ಲ ಹೀರಿಕೊಳ್ಳುವ ವಸ್ತುಗಳು. ಬೆವರಿನ ಅಮೈನೊ ಆಮ್ಲಗಳು ಕಾಗದದ ನಾರಿನೊಳಗೆ ಇಳಿದು ಅಲ್ಲೇ ಕೂರುತ್ತವೆ. ಹಾಗಾಗಿ ಒಣ ಜಾಗದಲ್ಲಿಟ್ಟ ಹಳೆಯ ಪತ್ರದ ಮೇಲೆ ವರ್ಷಗಳ ನಂತರವೂ ಬೆರಳಚ್ಚು ಸಿಗಬಹುದು.

ಗಾಜು, ಸ್ಟೀಲು, ಪ್ಲಾಸ್ಟಿಕ್, ಪೇಂಟ್ ಮಾಡಿದ ಬೀರು ಇವು ಹೀರಿಕೊಳ್ಳದ ವಸ್ತುಗಳು. ಗುರುತು ಮೇಲ್ಮೈಯಲ್ಲೇ ತೆಳುವಾದ ಪದರವಾಗಿ ಕುಳಿತಿರುತ್ತದೆ. ಬಟ್ಟೆಯಿಂದ ಒಮ್ಮೆ ಒರೆಸಿದರೆ ಮುಗಿಯಿತು.

ಬೀರುವಿನ ಬಾಗಿಲಿಗೆ ಬ್ರಷ್‌ನಿಂದ ಕಪ್ಪು ಅಥವಾ ಬಿಳಿ ಪುಡಿ ಸವರುವುದನ್ನು ಸಿನಿಮಾಗಳಲ್ಲಿ ನೋಡಿರುತ್ತೀರಿ. ಪುಡಿ ಆ ಪಸೆಗೆ ಅಂಟಿಕೊಂಡು ಗೆರೆಗಳು ಕಾಣುತ್ತವೆ. ಇಲ್ಲಿ ರಾಸಾಯನಿಕ ಕ್ರಿಯೆ ಏನೂ ಇಲ್ಲ, ಬರೀ ಅಂಟುವಿಕೆ. ನಮ್ಮ ದೇಶದ ಸಂಶೋಧಕರು ಅಡುಗೆಮನೆಯ ಅರಿಶಿನ ಪುಡಿಯನ್ನೂ ಇದಕ್ಕೆ ಪ್ರಯೋಗಿಸಿ ನೋಡಿ, ಕೆಲವು ಮೇಲ್ಮೈಗಳಲ್ಲಿ ಗುರುತು ಕಾಣುತ್ತದೆ ಎಂದು ತೋರಿಸಿದ್ದಾರೆ. "ಅರಿಶಿನದಿಂದ ಬೆರಳಚ್ಚು" ಎಂಬ ಫಾರ್ವರ್ಡ್ ನಿಮಗೆ ಬಂದಿದ್ದರೆ ಅದರ ಹಿಂದೆ ಇಷ್ಟು ಸತ್ಯ ಇದೆ. ಆದರೆ ಪುಡಿ ಕೆಲಸ ಮಾಡುವುದು ಪಸೆ ಇನ್ನೂ ಹಸಿಯಾಗಿರುವ ಹೊಸ ಗುರುತಿನ ಮೇಲೆ, ಅದೂ ನುಣುಪಾದ ಮೇಲ್ಮೈಯಲ್ಲಿ. ಗುರುತು ಒಣಗಿದ್ದರೆ ಅಥವಾ ಕಾಗದದೊಳಗೆ ಇಳಿದಿದ್ದರೆ ರಾಸಾಯನಿಕವೇ ಬೇಕು.

ಅಯೋಡಿನ್ ಹೊಗೆ ಮತ್ತು ಮತಗಟ್ಟೆಯ ಬೆಳ್ಳಿ

ಹಳೆಯ ವಿಧಾನಗಳಲ್ಲಿ ಒಂದು ಅಯೋಡಿನ್. ಶಾಲೆಯಲ್ಲಿ ಆಲೂಗೆಡ್ಡೆಯ ಮೇಲೆ ಹಾಕಿ ಪಿಷ್ಟ ಇದೆಯೇ ಎಂದು ಪರೀಕ್ಷಿಸಿದೆವಲ್ಲ, ಅದೇ ಅಯೋಡಿನ್. ಇದರ ಹರಳುಗಳನ್ನು ಸ್ವಲ್ಪ ಬಿಸಿ ಮಾಡಿದರೆ ನೇರಳೆ ಬಣ್ಣದ ಆವಿ ಏಳುತ್ತದೆ. ಆ ಆವಿ ಬೆರಳಚ್ಚಿನ ಜಿಡ್ಡಿನಲ್ಲಿ ಸೇರಿಕೊಂಡು ಗೆರೆಗಳು ಕಂದು ಬಣ್ಣಕ್ಕೆ ತಿರುಗುತ್ತವೆ. ಆದರೆ ಇದು ತಾತ್ಕಾಲಿಕ. ಆವಿ ಮತ್ತೆ ಹಾರಿಹೋಗುತ್ತಿದ್ದಂತೆ ಗುರುತೂ ಮಾಸುತ್ತದೆ. ಹಾಗಾಗಿ ಕೂಡಲೇ ಫೋಟೊ ತೆಗೆಯಬೇಕು, ಇಲ್ಲವೇ ಪಿಷ್ಟದಂಥ ವಸ್ತುವಿನಿಂದ ಬಣ್ಣವನ್ನು ಹಿಡಿದಿಡಬೇಕು. ಅಯೋಡಿನ್ ಆವಿ ಉಸಿರಾಟಕ್ಕೆ ಒಳ್ಳೆಯದಲ್ಲ ಎಂಬುದೂ ನೆನಪಿರಲಿ.

ಇನ್ನೊಂದು ಹಳೆಯ ವಿಧಾನ ಸಿಲ್ವರ್ ನೈಟ್ರೇಟ್. ಇದರ ಪರಿಚಯ ನಿಮ್ಮ ಎಡಗೈ ತೋರುಬೆರಳಿಗೆ ಆಗಲೇ ಆಗಿದೆ. ಮತದಾನದ ದಿನ ಹಚ್ಚುವ ಅಳಿಸಲಾಗದ ಶಾಯಿಯಲ್ಲಿ ಇರುವುದು ಇದೇ. ಮೈಸೂರಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಸಂಸ್ಥೆ 1962ರ ಮಹಾಚುನಾವಣೆಯಿಂದ ಈ ಶಾಯಿಯನ್ನು ಪೂರೈಸುತ್ತಿದೆ. ಚರ್ಮದ ಮೇಲಿನ ಉಪ್ಪಿನೊಡನೆ ಸಿಲ್ವರ್ ನೈಟ್ರೇಟ್ ಸೇರಿದಾಗ ಸಿಲ್ವರ್ ಕ್ಲೋರೈಡ್ ಆಗುತ್ತದೆ. ಬೆಳಕು ಬಿದ್ದಾಗ ಅದು ಕಪ್ಪಾಗುತ್ತದೆ.

ಬೆರಳಚ್ಚಿನಲ್ಲೂ ಆಗುವುದು ಇದೇ. ಕಾಗದದ ಮೇಲೆ ಬೆರಳು ಬಿಟ್ಟ ಉಪ್ಪಿನ ಗೆರೆಗಳಿಗೆ ಸಿಲ್ವರ್ ನೈಟ್ರೇಟ್ ದ್ರಾವಣ ತಾಗಿಸಿ ಬೆಳಕಿಗೆ ಒಡ್ಡಿದರೆ ಗೆರೆಗಳು ಕಪ್ಪಾಗಿ ಮೂಡುತ್ತವೆ. ಮತಗಟ್ಟೆಯಲ್ಲಿ ರಾಸಾಯನಿಕವನ್ನು ಬೆರಳಿಗೆ ಹಚ್ಚುತ್ತಾರೆ, ಇಲ್ಲಿ ಬೆರಳು ಬಿಟ್ಟುಹೋದ ಉಪ್ಪಿಗೆ ಹಚ್ಚುತ್ತಾರೆ. ಆದರೆ ಹೆಚ್ಚು ಹೊತ್ತು ಬೆಳಕಿಗಿಟ್ಟರೆ ಇಡೀ ಕಾಗದವೇ ಕಪ್ಪಾಗುವ ತೊಂದರೆ ಇದೆ. ಕಾಗದ ಒದ್ದೆಯಾಗಿದ್ದರೆ ಉಪ್ಪು ಕರಗಿ ಹೋಗಿರುತ್ತದೆ, ಆಗ ಈ ವಿಧಾನದಿಂದ ಪ್ರಯೋಜನವಿಲ್ಲ.

ಕಾಗದಕ್ಕೆ ನಿನ್‌ಹೈಡ್ರಿನ್

ಕಾಗದದ ವಿಷಯದಲ್ಲಿ ದೊಡ್ಡ ಬದಲಾವಣೆ ತಂದ ರಾಸಾಯನಿಕ ನಿನ್‌ಹೈಡ್ರಿನ್. 1910ರಲ್ಲಿ ಕೇಂಬ್ರಿಡ್ಜ್‌ನಲ್ಲಿದ್ದ ರಸಾಯನಶಾಸ್ತ್ರಜ್ಞ ಸೀಗ್‌ಫ್ರೀಡ್ ರೂಹೆಮನ್ ಇದನ್ನು ತಯಾರಿಸಿದರು. ಅಮೈನೊ ಆಮ್ಲಗಳ ಜೊತೆ ಸೇರಿದಾಗ ಇದು ಗಾಢ ನೇರಳೆ ಬಣ್ಣ ಕೊಡುತ್ತದೆ ಎಂಬುದನ್ನು ಅವರೇ ಗಮನಿಸಿದರು. ಆ ಬಣ್ಣಕ್ಕೆ ಇಂದಿಗೂ "ರೂಹೆಮನ್ ನೇರಳೆ" ಎಂಬ ಹೆಸರಿದೆ.

ಅಲ್ಲಿಂದ ಮುಂದೆ ಹಲವು ದಶಕಗಳ ಕಾಲ ಜೀವರಸಾಯನ ಪ್ರಯೋಗಾಲಯಗಳಲ್ಲಿ ಅಮೈನೊ ಆಮ್ಲ ಪತ್ತೆಗೆ ಇದು ಬಳಕೆಯಾಯಿತು. ಬರಿಗೈಯಲ್ಲಿ ಮುಟ್ಟಿದರೆ ಬೆರಳೇ ನೇರಳೆಯಾಗುತ್ತದೆ ಎಂಬುದು ಪ್ರಯೋಗಾಲಯದಲ್ಲಿ ಎಲ್ಲರಿಗೂ ಗೊತ್ತಿತ್ತು. ಆದರೂ "ಹಾಗಾದರೆ ಇದರಿಂದ ಬೆರಳಚ್ಚು ಹುಡುಕಬಹುದಲ್ಲ" ಎಂಬ ಸಲಹೆ ಬಂದದ್ದು 1954ರಲ್ಲಿ. ಸ್ವೀಡನ್ನಿನ ಸ್ವಾಂಟೆ ಓಡೆನ್ ಮತ್ತು ಬೆಂಗ್ಟ್ ಫಾನ್ ಹೋಫ್‌ಸ್ಟೆನ್ ಅದನ್ನು ಪ್ರಕಟಿಸಿದರು. ಸುಮಾರು 44 ವರ್ಷ ಉತ್ತರ ಕೈಗೆ ಮೆತ್ತಿಕೊಂಡೇ ಇತ್ತು!

ಬಳಸುವ ಕ್ರಮ ಹೀಗಿದೆ. ಸೂಕ್ತ ದ್ರಾವಕದಲ್ಲಿ ಕರಗಿಸಿದ ನಿನ್‌ಹೈಡ್ರಿನ್‌ನಲ್ಲಿ ಕಾಗದವನ್ನು ಅದ್ದಿ ತೆಗೆದು ಒಣಗಿಸುತ್ತಾರೆ. ನಂತರ ಸುಮಾರು 80 ಡಿಗ್ರಿ ಸೆಲ್ಸಿಯಸ್ ಶಾಖ ಮತ್ತು ನಿಯಂತ್ರಿತ ತೇವಾಂಶ ಇರುವ ಪೆಟ್ಟಿಗೆಯಲ್ಲಿ ಇಡುತ್ತಾರೆ. ಕೆಲವೇ ನಿಮಿಷಗಳಲ್ಲಿ ನೇರಳೆ ಗೆರೆಗಳು ಮೂಡುತ್ತವೆ. ಹಾಗೇ ಹೊರಗೆ ಬಿಟ್ಟರೆ ಒಂದೆರಡು ದಿನ ಅಥವಾ ಅದಕ್ಕಿಂತ ಹೆಚ್ಚು ಬೇಕಾಗಬಹುದು. ಬೆದರಿಕೆ ಪತ್ರ, ನಕಲಿ ದಾಖಲೆ, ಚೆಕ್ಕುಗಳ ತನಿಖೆಯಲ್ಲಿ ಇದು ಮುಖ್ಯ ಸಾಧನ. ಇದೇ ಬಗೆಯ ಡಿಎಫ್‌ಒ, ಇಂಡೇನ್‌ಡಯೋನ್ ಎಂಬ ಹೊಸ ರಾಸಾಯನಿಕಗಳೂ ಬಂದಿವೆ. ಅವನ್ನು ಬಳಸಿದ ಗುರುತುಗಳು ವಿಶೇಷ ಬೆಳಕಿನಲ್ಲಿ ಹೊಳೆಯುತ್ತವೆ, ಹಾಗಾಗಿ ತೀರಾ ಮಸುಕಾದವೂ ಕಾಣುತ್ತವೆ.

ಒಂದು ಎಚ್ಚರಿಕೆ ಕೂಡ ಇದೆ. ಎಟಿಎಂನಿಂದ ಬರುವ ಚೀಟಿ ಸಾಮಾನ್ಯವಾಗಿ ಶಾಖಕ್ಕೆ ಕಪ್ಪಾಗುವ ಥರ್ಮಲ್ ಕಾಗದ. ಸಾಮಾನ್ಯ ನಿನ್‌ಹೈಡ್ರಿನ್ ದ್ರಾವಣ ತಾಗಿದರೆ ಆ ಚೀಟಿ ಪೂರ್ತಿ ಕಪ್ಪಾಗಿ, ಬೆರಳಚ್ಚೂ ಹೋಗುತ್ತದೆ, ಬರಹವೂ ಹೋಗುತ್ತದೆ. ಅದಕ್ಕೆ ಬೇರೆಯೇ ದ್ರಾವಣ ಬೇಕು. ಕಾಗದ ಎಂದ ಮಾತ್ರಕ್ಕೆ ಎಲ್ಲ ಕಾಗದಕ್ಕೂ ಒಂದೇ ಮದ್ದು ನಡೆಯುವುದಿಲ್ಲ.

ಹಾಗಾದರೆ ಫೆವಿಕ್ವಿಕ್ ಕಥೆ ಏನು?

ಫೆವಿಕ್ವಿಕ್‌ನಂಥ ಅಂಟುಗಳ ರಾಸಾಯನಿಕ ಹೆಸರು ಸಯನೋಅಕ್ರಿಲೇಟ್. 1942ರಲ್ಲಿ, ಎರಡನೇ ಮಹಾಯುದ್ಧದ ಸಮಯದಲ್ಲಿ, ಅಮೆರಿಕದ ಈಸ್ಟ್‌ಮನ್ ಕೊಡಾಕ್ ಕಂಪನಿಯಲ್ಲಿ ಹ್ಯಾರಿ ಕೂವರ್ ಮತ್ತು ಅವರ ತಂಡ ಬಂದೂಕಿನ ಗುರಿನೋಟಕ್ಕೆ ಪಾರದರ್ಶಕ ಪ್ಲಾಸ್ಟಿಕ್ ಹುಡುಕುತ್ತಿತ್ತು. ಆಗ ಸಿಕ್ಕ ಈ ವಸ್ತು ಮುಟ್ಟಿದ್ದಕ್ಕೆಲ್ಲ ಅಂಟಿಕೊಳ್ಳುತ್ತದೆ ಎಂದು ಬದಿಗಿಟ್ಟರು. ಆ ದೋಷವೇ ಗುಣ ಎಂದು ಅವರಿಗೆ ಹೊಳೆದದ್ದು 1951ರಲ್ಲಿ. 1958ರಲ್ಲಿ ಅದು ಅಂಟಾಗಿ ಮಾರುಕಟ್ಟೆಗೆ ಬಂತು.

ಬೆರಳಚ್ಚಿಗೂ ಇದಕ್ಕೂ ನಂಟು ಬೆಳೆದದ್ದು ಜಪಾನಿನಲ್ಲಿ, 1970ರ ದಶಕದ ಕೊನೆಯಲ್ಲಿ. ಪೊಲೀಸ್ ಪ್ರಯೋಗಾಲಯದ ಫುಸೆಯೊ ಮತ್ಸುಮುರಾ ಎಂಬ ತಜ್ಞರು ಕೊಲೆ ಪ್ರಕರಣವೊಂದರ ಕೂದಲುಗಳನ್ನು ಸೂಪರ್ ಗ್ಲೂ ಹಾಕಿ ಗಾಜಿನ ಸ್ಲೈಡಿಗೆ ಅಂಟಿಸುತ್ತಿದ್ದರು. ಸ್ಲೈಡಿನ ಮೇಲೆ ತಮ್ಮದೇ ಬೆರಳಿನ ಗುರುತು ಬೆಳ್ಳಗೆ ಮೂಡುತ್ತಿರುವುದು ಕಂಡಿತು. ಅದನ್ನು ಬೆರಳಚ್ಚು ತಜ್ಞರಾಗಿದ್ದ ಸಹೋದ್ಯೋಗಿ ಮಸಾಟೊ ಸೋಬಾ ಅವರಿಗೆ ಹೇಳಿದರು. ಸೋಬಾ ಇದನ್ನೊಂದು ವಿಧಾನವಾಗಿ ಬೆಳೆಸಿದರು. ಜಪಾನಿನಲ್ಲಿದ್ದ ಅಮೆರಿಕದ ಸೇನಾ ಪ್ರಯೋಗಾಲಯದ ಮೂಲಕ ಈ ವಿಷಯ ಅಮೆರಿಕಕ್ಕೆ ತಲುಪಿತು.

ಇದು ಕೆಲಸ ಮಾಡುವುದು ಹೇಗೆ? ಫೆವಿಕ್ವಿಕ್ ಬೆರಳಿಗೆ ತಾಗಿದ ಕೂಡಲೇ ಗಟ್ಟಿಯಾಗುವುದನ್ನು ಎಲ್ಲರೂ ಅನುಭವಿಸಿದ್ದೇವೆ. ಚರ್ಮದ ಮೇಲಿನ ತೇವ ಮತ್ತು ಬೆವರಿನ ಅಂಶಗಳು ಅಂಟಿನ ಅಣುಗಳನ್ನು ಸರಪಳಿಯಂತೆ ಒಂದಕ್ಕೊಂದು ಹೆಣೆಯುತ್ತವೆ. ಅಂಟನ್ನು ಬಿಸಿ ಮಾಡಿ ಆವಿಯಾಗಿಸಿ, ಮುಚ್ಚಿದ ಪೆಟ್ಟಿಗೆಯಲ್ಲಿ ತೇವಾಂಶದ ಜೊತೆ ಬಿಟ್ಟಾಗಲೂ ಅದೇ ಆಗುತ್ತದೆ. ಆವಿ ಬೆರಳಚ್ಚಿನ ಪಸೆಯ ಮೇಲೆ ಬಂದು ಕುಳಿತು, ಅಲ್ಲೇ ಬಿಳಿ ಪ್ಲಾಸ್ಟಿಕ್ ಆಗಿ ಗಟ್ಟಿಯಾಗುತ್ತದೆ. ಒರೆಸಿದರೆ ಹೋಗುತ್ತಿದ್ದ ನಾಜೂಕಾದ ಗುರುತು ಈಗ ಗಟ್ಟಿ ಗೆರೆಯಾಗುತ್ತದೆ. ಅದರ ಮೇಲೆ ಹೊಳೆಯುವ ಬಣ್ಣ ಹಾಕಿ ವಿಶೇಷ ಬೆಳಕಿನಲ್ಲಿ ಫೋಟೊ ತೆಗೆಯುತ್ತಾರೆ.

ಪ್ರಯೋಗಾಲಯದಲ್ಲಿ ಇದಕ್ಕೆ ಪ್ರತ್ಯೇಕ ಪೆಟ್ಟಿಗೆಯೇ ಇದೆ. ಶಾಖ, ತೇವಾಂಶ, ಅಂಟಿನ ಪ್ರಮಾಣ, ಸಮಯ ಎಲ್ಲಕ್ಕೂ ಲೆಕ್ಕವಿದೆ. ಹೊಗೆ ಹೊರಗೆ ಬರದಂತೆ ಫಿಲ್ಟರ್ ಇದೆ. ಮನೆಯ ಡಬ್ಬಿಯಲ್ಲಿ ಇದ್ಯಾವುದೂ ಇಲ್ಲ. ಸ್ವಲ್ಪ ಹೊತ್ತು ಹೆಚ್ಚಾದರೆ ಗೆರೆಗಳ ನಡುವಿನ ತಗ್ಗುಗಳಲ್ಲೂ ಅಂಟು ತುಂಬಿ ಎಲ್ಲವೂ ಬಿಳಿ ಕಲೆಯಾಗುತ್ತದೆ. ಕೆಟ್ಟುಹೋದ ಆ ಗುರುತನ್ನು ಮತ್ತೆ ಸರಿಪಡಿಸಲಾಗದು. ಅಂಟಿನ ಹೊಗೆ ಕಣ್ಣು, ಮೂಗು, ಗಂಟಲನ್ನು ಉರಿಸುತ್ತದೆ. ಒಲೆಯ ಮೇಲೆ ವಿಪರೀತ ಕಾಯಿಸಿದರೆ ವಿಷಾನಿಲ ಬರುವ ಅಪಾಯವೂ ಇದೆ.

ನೀರು, ಟೇಪು, ರಕ್ತ: ಒಂದೊಂದಕ್ಕೂ ಬೇರೆ ದಾರಿ

"ನೀರಿಗೆ ಎಸೆದರೆ ಬೆರಳಚ್ಚು ಅಳಿಸಿಹೋಗುತ್ತದೆ" ಎಂಬುದು ಅರ್ಧ ಸತ್ಯ. ನೀರಿನಲ್ಲಿ ಉಪ್ಪು ಮತ್ತು ಅಮೈನೊ ಆಮ್ಲಗಳು ಕರಗಿ ಹೋಗುತ್ತವೆ, ಆದರೆ ಜಿಡ್ಡು ಉಳಿಯಬಹುದು. ಹೀರಿಕೊಳ್ಳದ ಒದ್ದೆ ವಸ್ತುಗಳಿಗೆ ಮಾಲಿಬ್ಡಿನಮ್ ಡೈಸಲ್ಫೈಡ್ ಎಂಬ ಕಪ್ಪು ಪುಡಿಯನ್ನು ಸಾಬೂನಿನಂಥ ದ್ರಾವಣದಲ್ಲಿ ಕಲಸಿ ಸಿಂಪಡಿಸುತ್ತಾರೆ. ಅದರ ಕಣಗಳು ಜಿಡ್ಡಿಗೆ ಹತ್ತಿಕೊಳ್ಳುತ್ತವೆ. ನೆನೆದ ಕಾಗದಕ್ಕೆ ಫಿಸಿಕಲ್ ಡೆವಲಪರ್ ಎಂಬ ಬೆಳ್ಳಿಯ ದ್ರಾವಣವಿದೆ. ಅದರಲ್ಲಿನ ಬೆಳ್ಳಿಯ ಕಣಗಳು ಗುರುತಿನ ಗೆರೆಗಳ ಮೇಲೆ ಕೂತು ಬೂದು ಬಣ್ಣದಲ್ಲಿ ಕಾಣಿಸುತ್ತವೆ.

ಟೇಪಿನ ಅಂಟು ಬದಿಗೆ ಪುಡಿ ಹಾಕಿದರೆ ಇಡೀ ಟೇಪಿಗೇ ಮೆತ್ತಿಕೊಳ್ಳುತ್ತದೆ. ಅಲ್ಲಿ ಬಳಸುವ ಬಣ್ಣಗಳಲ್ಲಿ ಒಂದು ಜೆಂಟಿಯನ್ ವಯಲೆಟ್. ಬಾಯಿಹುಣ್ಣಿಗೆ ಹಿಂದೆ ಹಚ್ಚುತ್ತಿದ್ದ ನೇರಳೆ ಔಷಧ ನೆನಪಿದೆಯೇ? ಅದೇ.

ರಕ್ತದ ಮಸುಕಾದ ಗುರುತಿಗೆ ಅಮಿಡೊ ಬ್ಲ್ಯಾಕ್ ಎಂಬ ಬಣ್ಣ ಹಾಕುತ್ತಾರೆ. ಅದು ಪ್ರೋಟೀನಿಗೆ ಅಂಟಿ ಕಡುನೀಲಿಯಾಗುತ್ತದೆ. ಆದರೆ ಹಾಲಿನಲ್ಲೂ ಮೊಟ್ಟೆಯಲ್ಲೂ ಪ್ರೋಟೀನು ಇದೆಯಲ್ಲ? ಬಣ್ಣ ಬಂತು ಎಂದ ಮಾತ್ರಕ್ಕೆ ಅದು ರಕ್ತ ಎಂದಾಗದು. ರಕ್ತವೇ ಎಂದು ಬೇರೆ ಪರೀಕ್ಷೆಯಿಂದ ಖಚಿತಪಡಿಸಿಕೊಳ್ಳಬೇಕು.

ಪ್ಲಾಸ್ಟಿಕ್ ಚೀಲಗಳಿಗೆ ಇನ್ನೂ ದುಬಾರಿ ವಿಧಾನವಿದೆ. ನಿರ್ವಾತ ಪೆಟ್ಟಿಗೆಯಲ್ಲಿ ಅತಿ ತೆಳುವಾದ ಚಿನ್ನದ ಪದರ, ಅದರ ಮೇಲೆ ಸತುವಿನ ಪದರ ಹಾಕುತ್ತಾರೆ. ಚಿನ್ನ ಬೆರಳಚ್ಚಿನ ಜಿಡ್ಡಿನೊಳಗೆ ಮುಳುಗಿಬಿಡುತ್ತದೆ. ಹಾಗಾಗಿ ಗೆರೆಗಳಿರುವ ಕಡೆ ಸತು ಕೂರುವುದಿಲ್ಲ, ಉಳಿದೆಡೆ ಕೂರುತ್ತದೆ. ಸತು ಕೂರದೆ ಉಳಿದ ಗೆರೆಗಳಲ್ಲೇ ಬೆರಳಚ್ಚು ಕಾಣುತ್ತದೆ.

ಸರದಿ ತಪ್ಪಿದರೆ ಸಾಕ್ಷ್ಯ ಹೋಯಿತು

ಇಷ್ಟೆಲ್ಲ ವಿಧಾನಗಳಿದ್ದರೂ ಯಾವುದನ್ನು ಮೊದಲು, ಯಾವುದನ್ನು ಆಮೇಲೆ ಮಾಡಬೇಕು ಎಂಬುದಕ್ಕೆ ಕಟ್ಟುನಿಟ್ಟಿನ ಕ್ರಮವಿದೆ. ಮೊದಲು ಬರಿಗಣ್ಣು ಮತ್ತು ವಿಶೇಷ ಬೆಳಕು, ಫೋಟೊ. ಕಾಗದವಾದರೆ ನಂತರ ಅಮೈನೊ ಆಮ್ಲಗಳನ್ನು ಹುಡುಕುವ ರಾಸಾಯನಿಕಗಳು. ಬೆಳ್ಳಿಯ ದ್ರಾವಣ ಕೊನೆಗೆ. ಬೆಳ್ಳಿಯ ನೀರಿನ ದ್ರಾವಣವನ್ನೇ ಮೊದಲು ಬಳಸಿದರೆ ಅಮೈನೊ ಆಮ್ಲಗಳು ತೊಳೆದುಹೋಗುತ್ತವೆ. ಆಮೇಲೆ ನಿನ್‌ಹೈಡ್ರಿನ್ ಹಾಕಿದರೆ ಏನೂ ಕಾಣುವುದಿಲ್ಲ.

ಮನೆಮದ್ದಿನ ವಿಡಿಯೊಗಳ ಅಪಾಯ ಇರುವುದು ಇಲ್ಲೇ. ನೀವು ಸವರಿದ ಅರಿಶಿನವೋ, ಪೌಡರೋ, ಅಂಟಿನ ಹೊಗೆಯೋ ತಜ್ಞರು ಮಾಡಬೇಕಾಗಿದ್ದ ಮುಂದಿನ ಪರೀಕ್ಷೆಯ ದಾರಿಯನ್ನೇ ಮುಚ್ಚಬಹುದು. ಆ ಗುರುತಿನ ಪಸೆಯಲ್ಲಿ ಸಿಗಬಹುದಾಗಿದ್ದ ಡಿಎನ್‌ಎ ಕೂಡ ಹಾಳಾಗಬಹುದು.

ಮಕ್ಕಳ ಬೆರಳಚ್ಚು ಬೇಗ ಮಾಯ

ಹೊತ್ತು ಎಷ್ಟು ಮುಖ್ಯ ಎಂಬುದಕ್ಕೆ ಒಂದು ಉದಾಹರಣೆ. 1990ರ ದಶಕದಲ್ಲಿ ಅಮೆರಿಕದ ಟೆನೆಸ್ಸಿ ರಾಜ್ಯದಲ್ಲಿ ಬಾಲಕಿಯೊಬ್ಬಳ ಅಪಹರಣದ ತನಿಖೆ ನಡೆಯುತ್ತಿತ್ತು. ಆಕೆ ಕಾರಿನಲ್ಲಿದ್ದಳು ಎಂದು ತಿಳಿದಿದ್ದರೂ ಕಾರಿನಲ್ಲಿ ಆಕೆಯ ಬೆರಳಚ್ಚು ಸಿಗಲಿಲ್ಲ. ಪೊಲೀಸ್ ತಜ್ಞ ಆರ್ಟ್ ಬೊಹಾನನ್ ಅವರಿಗೆ ಇದು ವಿಚಿತ್ರ ಅನ್ನಿಸಿತು. ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯದ ವಿಜ್ಞಾನಿಗಳ ಜೊತೆ ಹುಡುಕಿದಾಗ ಕಾರಣ ತಿಳಿಯಿತು. ದೊಡ್ಡವರ ಬೆರಳಚ್ಚಿನಲ್ಲಿ ಬೇಗ ಆವಿಯಾಗದ ಎಸ್ಟರ್ ಎಂಬ ಭಾರದ ಜಿಡ್ಡು ಹೆಚ್ಚು. ಹದಿಹರೆಯ ತಲುಪದ ಮಕ್ಕಳಲ್ಲಿ ಸುಲಭವಾಗಿ ಆವಿಯಾಗುವ ಕೊಬ್ಬಿನ ಆಮ್ಲಗಳು ಹೆಚ್ಚು. ಬಿಸಿಲಲ್ಲಿ ನಿಂತ ಕಾರಿನಂಥ ಜಾಗದಲ್ಲಿ ಅವು ಬೇಗ ಹಾರಿಹೋಗುತ್ತವೆ.

"ಬೆರಳಚ್ಚು ಸಿಗಲಿಲ್ಲ ಎಂದರೆ ಮಗು ಅಲ್ಲಿ ಇರಲೇ ಇಲ್ಲ" ಎಂಬ ವಾದ ಎಷ್ಟು ತಪ್ಪು ಎಂದು ಇದರಿಂದ ತಿಳಿಯುತ್ತದೆ. ಮಗು ಕಾಣೆಯಾದ ಪ್ರಕರಣಗಳಲ್ಲಿ ತಜ್ಞರನ್ನು ಬೇಗ ಕರೆಸಬೇಕು ಎಂಬುದಕ್ಕೂ ಇದೇ ಕಾರಣ.

ಗುರುತು ಸಿಕ್ಕಿತು, ಅಪರಾಧಿ ಸಿಕ್ಕನೇ?

ಗೆರೆಗಳು ಮೂಡಿದ ಕೂಡಲೇ ಕಂಪ್ಯೂಟರ್ ಪರದೆಯಲ್ಲಿ ಅಪರಾಧಿಯ ಫೋಟೊ ಬರುವುದು ಸಿನಿಮಾದಲ್ಲಿ ಮಾತ್ರ. ನಮ್ಮ ದೇಶದಲ್ಲಿ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ನಡೆಸುವ ನಾಫಿಸ್ ಎಂಬ ಬೆರಳಚ್ಚು ವ್ಯವಸ್ಥೆ 2022ರಲ್ಲಿ ಉದ್ಘಾಟನೆಯಾಯಿತು. ಇಂಥ ವ್ಯವಸ್ಥೆ ಹೋಲಿಕೆ ಇರುವ ಕೆಲವು ದಾಖಲೆಗಳನ್ನು ಮುಂದಿಡುತ್ತದೆ. ಗೆರೆ ಎಲ್ಲಿ ಕವಲೊಡೆಯಿತು, ಎಲ್ಲಿ ನಿಂತಿತು ಎಂದು ಒಂದೊಂದಾಗಿ ಹೋಲಿಸಿ ತೀರ್ಮಾನ ಹೇಳುವುದು ಮನುಷ್ಯ ತಜ್ಞರೇ. ಮನುಷ್ಯರು ಎಂದ ಮೇಲೆ ತಪ್ಪೂ ಆಗುತ್ತದೆ.

2004ರ ಮಾರ್ಚ್ 11ರಂದು ಸ್ಪೇನಿನ ಮ್ಯಾಡ್ರಿಡ್‌ನಲ್ಲಿ ರೈಲುಗಳಲ್ಲಿ ಬಾಂಬ್ ಸ್ಫೋಟಗಳಾದವು. ಸ್ಫೋಟಕ್ಕೆ ಬಳಸುವ ಡಿಟೊನೇಟರ್‌ಗಳಿದ್ದ ಪ್ಲಾಸ್ಟಿಕ್ ಚೀಲದ ಮೇಲೆ ಸಿಕ್ಕ ಬೆರಳಚ್ಚು ಅಮೆರಿಕದ ಆರೆಗಾನ್ ರಾಜ್ಯದ ವಕೀಲರೊಬ್ಬರದ್ದು ಎಂದು ಎಫ್‌ಬಿಐ ತಜ್ಞರು ಹೇಳಿದರು. ಅವರನ್ನು ಬಂಧಿಸಿ ಸುಮಾರು ಎರಡು ವಾರ ಇರಿಸಿಕೊಂಡರು. ಅದು ಬೇರೊಬ್ಬನ ಬೆರಳಚ್ಚು ಎಂದು ಸ್ಪೇನ್ ಪೊಲೀಸರು ಗುರುತಿಸಿದ ಮೇಲೆ ಬಿಡುಗಡೆಯಾಯಿತು. ಎಫ್‌ಬಿಐ ಕ್ಷಮೆ ಕೇಳಿತು. 2006ರಲ್ಲಿ ಅಮೆರಿಕ ಸರ್ಕಾರ ಅವರಿಗೆ 20 ಲಕ್ಷ ಡಾಲರ್ ಪರಿಹಾರ ಕೊಟ್ಟಿತು. ಇಲ್ಲಿ ರಾಸಾಯನಿಕ ತಪ್ಪು ಮಾಡಿರಲಿಲ್ಲ, ತಪ್ಪಿದ್ದು ಹೋಲಿಸಿದ ಕಣ್ಣು.

ಇನ್ನೊಂದು ಪಾಠ ನಮ್ಮ ದೇಶದ್ದೇ. 1897ರಲ್ಲಿ ಕಲ್ಕತ್ತಾದಲ್ಲಿ ಜಗತ್ತಿನ ಮೊದಲನೆಯದು ಎಂದು ಗುರುತಿಸಲಾಗುವ ಬೆರಳಚ್ಚು ಕೇಂದ್ರ ಶುರುವಾಯಿತು. ಅಲ್ಲಿ ಬಳಸಿದ ವರ್ಗೀಕರಣ ಎಡ್ವರ್ಡ್ ಹೆನ್ರಿ ಹೆಸರಿನಲ್ಲಿ ಪ್ರಸಿದ್ಧವಾದರೂ ಅದರ ಹಿಂದೆ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಅವರ ದುಡಿಮೆ ಇತ್ತು. ಅದೇ ವರ್ಷ ಬಂಗಾಳದ ಜಲ್ಪೈಗುರಿಯಲ್ಲಿ ಚಹಾ ತೋಟದ ಮ್ಯಾನೇಜರ್ ಒಬ್ಬರ ಕೊಲೆಯಾಯಿತು. ಅಲ್ಲಿದ್ದ ಪಂಚಾಂಗದ ಮೇಲೆ ಕಂದು ಬಣ್ಣದ ಹೆಬ್ಬೆಟ್ಟಿನ ಗುರುತು ಸಿಕ್ಕಿತು. ಅದು ಹಿಂದೆ ಅಲ್ಲಿ ಕೆಲಸಕ್ಕಿದ್ದವನ ಹೆಬ್ಬೆರಳಿಗೆ ಹೊಂದಿತು. 1898ರಲ್ಲಿ ನ್ಯಾಯಾಲಯ ಅವನಿಗೆ ಕಳ್ಳತನಕ್ಕೆ ಶಿಕ್ಷೆ ಕೊಟ್ಟಿತು, ಕೊಲೆಗೆ ಕೊಡಲಿಲ್ಲ. ಗುರುತಿನಿಂದ ಅವನು ಅಲ್ಲಿದ್ದ, ಆ ವಸ್ತುವನ್ನು ಮುಟ್ಟಿದ್ದ ಎಂದು ಹೇಳಬಹುದು, ಕೊಂದವನು ಅವನೇ ಎಂದು ಹೇಳಲಾಗದು.

ಇಂದಿಗೂ ಇದು ಬದಲಾಗಿಲ್ಲ. ಬೆರಳಚ್ಚು ಹೇಳುವುದು "ಮುಟ್ಟಿದ್ದಾರೆ" ಎಂದು. ಯಾವಾಗ ಮುಟ್ಟಿದರು, ಏಕೆ ಮುಟ್ಟಿದರು ಎಂದು ಹೇಳುವುದಿಲ್ಲ. ಗುರುತಿನ ವಯಸ್ಸನ್ನು ನಿಖರವಾಗಿ ಅಳೆಯುವ, ಎಲ್ಲೆಡೆ ಒಪ್ಪಿತವಾದ ವಿಧಾನ ಇನ್ನೂ ಇಲ್ಲ. ಮನೆಗೆಲಸದವರ, ಪೇಂಟರ್‌ನ, ಗ್ಯಾಸ್ ಸಿಲಿಂಡರ್ ತರುವವರ ಬೆರಳಚ್ಚು ನಮ್ಮ ಮನೆಯಲ್ಲಿ ಇದ್ದೇ ಇರುತ್ತದೆ. ಡಬ್ಬಿಯಲ್ಲಿ ಅಂಟು ಕಾಯಿಸಿ ಗುರುತು ತೆಗೆದು, ಅದರ ಫೋಟೊವನ್ನು ಬೀದಿಯ ಗುಂಪಿನಲ್ಲಿ ಹಾಕಿ "ಇವನೇ ಕಳ್ಳ" ಎಂದರೆ, ನಿರಪರಾಧಿಯೊಬ್ಬರ ಬದುಕು ಹಾಳಾಗಬಹುದು.

ಇದೇ ವಿಷಯದಲ್ಲಿ ಓಡಾಡುವ ಇನ್ನಷ್ಟು ಮಾತುಗಳು

"ಗ್ಲೌಸ್ ಹಾಕಿದರೆ ಸಿಕ್ಕಿಬೀಳುವುದಿಲ್ಲ." ಹಾಗೇನಿಲ್ಲ. ಕೈಗವಸಿನ ಒಳಮೈಯಲ್ಲೇ ಬೆರಳಚ್ಚು ಇರುತ್ತದೆ. ಬಿಸಾಕಿದ ಗವಸು ಸಿಕ್ಕರೆ ಅದೇ ಸಾಕ್ಷಿ.

"ಬೆರಳಿನ ತುದಿ ಸುಟ್ಟುಕೊಂಡರೆ ಗುರುತು ಹೋಗುತ್ತದೆ." ಮೇಲಿನ ಚರ್ಮ ಸವೆದರೆ ಅದೇ ವಿನ್ಯಾಸ ಮತ್ತೆ ಬೆಳೆಯುತ್ತದೆ. ಆಳವಾಗಿ ಸುಟ್ಟರೆ ಕಲೆ ಉಳಿಯುತ್ತದೆ, ಆ ಕಲೆಯೇ ಹೊಸ ಗುರುತಾಗುತ್ತದೆ. 1930ರ ದಶಕದ ಅಮೆರಿಕದ ಕುಖ್ಯಾತ ದರೋಡೆಕೋರ ಜಾನ್ ಡಿಲಿಂಜರ್ ಬೆರಳುಗಳಿಗೆ ಆಸಿಡ್ ಹಾಕಿಸಿಕೊಂಡಿದ್ದ. 1934ರಲ್ಲಿ ಅವನು ಸತ್ತಾಗ ಬೆರಳಚ್ಚಿನಿಂದಲೇ ಗುರುತು ಹಿಡಿದರು.

"ಯಾವುದನ್ನು ಮುಟ್ಟಿದರೂ ಬೆರಳಚ್ಚು ಸಿಕ್ಕೇ ಸಿಗುತ್ತದೆ." ಇದೂ ತಪ್ಪು. ಒಣಗಿದ ಕೈ, ಒರಟು ಮೇಲ್ಮೈ, ಜಾರಿದ ಬೆರಳು ಇದ್ದಾಗ ಬಳಕೆಗೆ ಬಾರದ ಮಸಿಯಂಥ ಕಲೆ ಮಾತ್ರ ಸಿಗುವುದುಂಟು.

ಕಳ್ಳತನವಾದರೆ ನೀವು ನಿಜಕ್ಕೂ ಮಾಡಬೇಕಾದದ್ದು

ಪತ್ರಿಕೆಗಳಲ್ಲಿ "ಬೆರಳಚ್ಚು ತಜ್ಞರು, ಶ್ವಾನದಳ ಸ್ಥಳಕ್ಕೆ ಭೇಟಿ ನೀಡಿ ಪರಿಶೀಲಿಸಿದರು" ಎಂಬ ಸಾಲನ್ನು ಓದಿರುತ್ತೀರಿ. ಅವರು ಬರುವವರೆಗಿನ ಒಂದೆರಡು ಗಂಟೆ ನಿಮ್ಮ ಕೈಯಲ್ಲಿದೆ.

ಬಾಗಿಲು ಒಡೆದಿರುವುದು ಕಂಡರೆ ಒಳಗೆ ಹೋಗಬೇಡಿ, 112ಕ್ಕೆ ಕರೆ ಮಾಡಿ. ಆಗಲೇ ಒಳಗೆ ಹೋಗಿದ್ದರೆ ಏನನ್ನೂ ಮುಟ್ಟದೆ ಹೊರಗೆ ಬನ್ನಿ. ಚೆಲ್ಲಾಪಿಲ್ಲಿಯಾದ ಬಟ್ಟೆ, ಡಬ್ಬಿಗಳನ್ನು ಜೋಡಿಸಬೇಡಿ. ನೆಲ ಒರೆಸಬೇಡಿ. ಏನೇನು ಹೋಗಿದೆ ಎಂದು ನೋಡಲು ಬೀರು ತಡಕಾಡಬೇಡಿ. ಸಮಾಧಾನ ಹೇಳಲು ಬಂದ ನೆಂಟರು, ನೆರೆಯವರನ್ನು ಹೊರಗೇ ಕೂರಿಸಿ.

ಮಳೆ ಬರುವಂತಿದ್ದು ಏನನ್ನಾದರೂ ಸರಿಸಲೇಬೇಕಾದರೆ, ಮೊದಲು ಇದ್ದ ಜಾಗದಲ್ಲೇ ಫೋಟೊ ತೆಗೆಯಿರಿ. ಆಮೇಲೆ ಕಳ್ಳ ಹಿಡಿದಿರಲಾರದಂಥ ಅಂಚನ್ನು ಹಿಡಿದು, ಕಾಗದದ ಚೀಲ ಅಥವಾ ರಟ್ಟಿನ ಪೆಟ್ಟಿಗೆಯಲ್ಲಿ ಇಡಿ. ಬಟ್ಟೆ ಸುತ್ತಬೇಡಿ, ಉಜ್ಜಿ ಗುರುತು ಹೋಗುತ್ತದೆ. ಸ್ಥಳ ಮಹಜರಿನ ವೇಳೆ ನೀವು ಏನನ್ನು ಮುಟ್ಟಿದಿರಿ, ಏನನ್ನು ಸರಿಸಿದಿರಿ ಎಂದು ಪೊಲೀಸರಿಗೆ ಮುಚ್ಚುಮರೆಯಿಲ್ಲದೆ ಹೇಳಿ. ಮನೆಯವರ ಬೆರಳಚ್ಚು ಕೇಳಿದರೆ ಗಾಬರಿ ಬೇಡ. ಮನೆಯವರ ಗುರುತುಗಳನ್ನು ಬೇರ್ಪಡಿಸಿ, ಹೊರಗಿನವರದ್ದು ಯಾವುದು ಎಂದು ತಿಳಿಯಲು ಅದು ಬೇಕು.

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 176ನೇ ಸೆಕ್ಷನ್, 7 ವರ್ಷ ಅಥವಾ ಅದಕ್ಕಿಂತ ಹೆಚ್ಚು ಶಿಕ್ಷೆ ಇರುವ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬರಬೇಕು ಎನ್ನುತ್ತದೆ. ಇದನ್ನು ಪೂರ್ಣವಾಗಿ ಜಾರಿ ಮಾಡಲು ರಾಜ್ಯಗಳಿಗೆ 5 ವರ್ಷದವರೆಗೆ ಸಮಯವಿದೆ. ತಜ್ಞರು ಬಂದಾಗ ಅವರಿಗೆ ಮುಟ್ಟದ ಜಾಗ ಸಿಗಬೇಕಾದದ್ದು ಮುಖ್ಯ. ಅದನ್ನು ಯಾವ ಪ್ರಯೋಗಾಲಯವೂ ತಯಾರಿಸಿಕೊಡಲಾರದು.

ಹಾಗಾಗಿ ಆ ಓದುಗರಿಗೆ ನಾವು ಕೊಟ್ಟ ಉತ್ತರ ಇಷ್ಟೇ: ವಿಡಿಯೊದಲ್ಲಿ ಕಾಣುವುದು ಮೋಸವಲ್ಲ, ಆದರೆ ಅದನ್ನು ಫಾರ್ವರ್ಡ್ ಮಾಡಬೇಡಿ. ಮಾಡಲೇಬೇಕು ಅನ್ನಿಸಿದರೆ ಅದರ ಕೆಳಗೆ ಒಂದು ಸಾಲು ಸೇರಿಸಿ: "ಕಳ್ಳತನವಾದ ಮನೆಯಲ್ಲಿ ಏನನ್ನೂ ಮುಟ್ಟಬೇಡಿ, 112ಕ್ಕೆ ಕರೆ ಮಾಡಿ."